ಟೊಮೆಟೊ ಮಂಡಿ ಆಟ: ಬೆಲೆ ನಿಜ ಅನಿಸಲು ಯಾವ ದಾರಿ?

ಕೋಲಾರದ ಎಪಿಎಂಸಿ ಮಂಡಿಯನ್ನೇ ಇಟ್ಟುಕೊಂಡು ವ್ಯಾಪಾರದ ಆಟ ಮಾಡುತ್ತಿದ್ದೀರಿ, ಬೆಲೆ ನಿಜ ಅನಿಸಬೇಕು ಅಂತ ಕೇಳಿದ್ದೀರಿ. ದಾರಿ ಮೂರು: ಮೊದಲೇ ಬರೆದಿಟ್ಟ ಬೆಲೆ ಪಟ್ಟಿ, ಪೂರೈಕೆ-ಬೇಡಿಕೆಯ ಸೂತ್ರ, ಇಲ್ಲವೇ ಪ್ರತಿ ವ್ಯಾಪಾರಿಯೂ ತಾನೇ ಕೂಗುವ ಹರಾಜು.

ಪಟ್ಟಿ ಒಂದೇ ಸಂಜೆಯ ಕೆಲಸ. ಸೂತ್ರಕ್ಕೆ ಕೋಡ್ ಕಡಿಮೆ, ಅಂಕಿಗಳನ್ನು ಹದಕ್ಕೆ ತರುವುದೇ ಕಷ್ಟ. ಹರಾಜಿಗೆ ಎಲ್ಲವೂ ಜಾಸ್ತಿ.

ನಿಜದ ಮಾತಿಗೆ ಬಂದರೆ, 2023ರ ಜುಲೈನಲ್ಲಿ ಇಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ಏರಿಳಿತವನ್ನು ಪಟ್ಟಿಯಲ್ಲಿ ಬರೆಯಬಹುದು, ಆದರೆ ಎರಡನೇ ಸಲ ಆಡುವವರಿಗೆ ಅದು ಬಾಯಿಪಾಠ. ಸೂತ್ರಕ್ಕೆ ತಡ ಸೇರಿಸಿ ನೋಡಿ, ಮಜಾ ಅಲ್ಲಿದೆ. ನಾಟಿ ಮಾಡಿದ ಸಸಿ ಕೊಯ್ಲಿಗೆ ಬರಲು ಎರಡು ತಿಂಗಳಾದರೂ ಬೇಕಲ್ವಾ? ಇಂದಿನ ಬೆಲೆ ನೋಡಿ ಎಲ್ಲರೂ ನಾಟಿ ಮಾಡುತ್ತಾರೆ, ಫಸಲು ಒಟ್ಟಿಗೆ ಬಂದು ಬೆಲೆ ನೆಲಕಚ್ಚುತ್ತದೆ. ಹರಾಜಿನಲ್ಲಿ ಇದು ತಾನಾಗೇ ಆಗುತ್ತದೆ, ಆದರೆ ಕೈತಪ್ಪುವುದೂ ಬೇಗ. ನಾನು ಮಾಡಿದಾಗ ಹಣ್ಣು ಕೊಳೆಯುವ ನಿಯಮ ಮರೆತಿದ್ದೆ. ವ್ಯಾಪಾರಿಗಳೆಲ್ಲ ಬಾಕ್ಸ್ ಕೂಡಿಟ್ಟು ಸುಮ್ನೆ ಕೂತರು, ಮಂಡಿಯೇ ನಿಂತುಹೋಯಿತು.

ಶಾಲೆಯ ಮಕ್ಕಳಿಗೆ ಲೆಕ್ಕ ಕಲಿಸಲು ಪಟ್ಟಿ ಸಾಕು. ಒಬ್ಬರೇ ಮೊಬೈಲಿನಲ್ಲಿ ಆಡುವುದಾದರೆ ತಡ ಇರುವ ಸೂತ್ರ. ಹತ್ತಾರು ಜನ ಒಟ್ಟಿಗೆ ಆಡುವುದಾದರೆ ಹರಾಜಿಗೆ ಪಟ್ಟ ಶ್ರಮ ವ್ಯರ್ಥವಾಗದು. ಯಾವುದನ್ನೇ ಆರಿಸಿದರೂ ಲಾರಿ ಬಾಡಿಗೆ, ಹಮಾಲಿ, ಕಮಿಷನ್ ಕಳೆಯಿರಿ. ಇಲ್ಲದಿದ್ದರೆ ಹತ್ತೇ ದಿನದಲ್ಲಿ ಎಲ್ಲರೂ ಕೋಟ್ಯಧಿಪತಿಗಳು.