ಕಾಯೋದು ಜಾಸ್ತಿ, ಡಾಕ್ಟ್ರು ಮಾತ್ರ ಬಿಡಿಸಿ ಹೇಳ್ತಾರೆ

ಶಿವಮೊಗ್ಗದ ಒಂದು ಮಾನಸಿಕ ಕ್ಲಿನಿಕ್ ಬಗ್ಗೆ, ಹೆಸರು ಬೇಡ. ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ತಮ್ಮನ್ನ ಕರ್ಕೊಂಡು ಹೋದ್ವಿ, ಬೈಪೋಲಾರ್ (ಮನಸ್ಸು ಕೆಲವು ದಿನ ಅತಿಯಾಗಿ ಏರೋದು, ಕೆಲವು ದಿನ ತೀರಾ ಕುಗ್ಗೋದು) ಇದೆ ಅವ್ನಿಗೆ, ಒಳಗೆ ಕರೆದಿದ್ದು ಮಧ್ಯಾಹ್ನ ಒಂದೂವರೆಗೆ. ಎಂಟೇ ಕುರ್ಚಿ, ಹೊರಗೆ ಜಡಿಮಳೆ, ಒದ್ದೆ ಕೊಡೆ ಇಡೋಕೂ ಜಾಗ ಇಲ್ಲ.

ಆದ್ರೆ ಡಾಕ್ಟ್ರು ಸೂಪರ್. ಅಮ್ಮ "ಇದು ನಮ್ಮ ಮನೆತನದ್ದಾ ಸಾರ್" ಅಂದಿದ್ಕೆ ಚೀಟಿ ಹಿಂದೆ ನರಕೋಶದ ಚಿತ್ರ ಬರೆದು, ಇದ್ರ ಗೋಡೇಲಿ ಕೆರೆ ತೂಬಿನ ಥರ ಬಾಗಿಲಿರತ್ತೆ, ಕರೆಂಟ್ ಬಂದಾಗ ತೆಗೆದು ಕ್ಯಾಲ್ಶಿಯಂ ಒಳಗೆ ಬಿಡತ್ತೆ, ಅಂಥ ಒಂದು ಬಾಗಿಲು ಮಾಡೋ ಜೀನ್ (ಅಪ್ಪ ಅಮ್ಮನಿಂದ ಬರೋ ವಂಶವಾಹಿ) ಸಿಎಸಿಎನ್‌ಎ1ಸಿ, 2013ರ ದೊಡ್ಡ ಸ್ಟಡೀಲಿ ಬೈಪೋಲಾರ್, ಸ್ಕಿಜೋಫ್ರೇನಿಯಾ, ಡಿಪ್ರೆಶನ್, ಆಟಿಸಂ, ಎಡಿಎಚ್‌ಡಿ ಅನ್ನೋ ಐದು ಮನಸ್ಸು-ಮೆದುಳಿನ ತೊಂದರೆಗೂ ಈ ಗುಂಪಿನ ಜೀನ್‌ಗಳ ನಂಟು ಕಾಣಿಸ್ತು ಅಂತ ಹೇಳಿದ್ರು. "ಆದ್ರೆ ಒಂದೊಂದು ಜೀನ್ ಪಾಲು ಚಿಟಿಕೆಯಷ್ಟೇ ಅಮ್ಮ, ಡಿಎನ್‌ಎ ಟೆಸ್ಟಿಗೆ ದುಡ್ಡು ಸುರೀಬೇಡಿ." ಅಮ್ಮ ಬಿಡ್ತಾರಾ, "ಹಂಗಾದ್ರೆ ಹಾಲು ಮೊಸರು ನಿಲ್ಸಣಾ?" ಡಾಕ್ಟ್ರು ನಕ್ಕು, ಊಟದ ಕ್ಯಾಲ್ಶಿಯಂಗೂ ಇದಕ್ಕೂ ಸಂಬಂಧ ಇಲ್ಲ, ಮಜ್ಜಿಗೆ ಕುಡೀಲಿ, ಲಿಥಿಯಂ ಮಾತ್ರೆ ತಪ್ಪಿಸ್ಬಾರ್ದು, ರಕ್ತ ಟೆಸ್ಟ್ ಮಾಡಿಸ್ತಾ ಇರಿ ಅಂದ್ರು.

ಡಾಕ್ಟ್ರಿಗೆ 5 ಸ್ಟಾರ್, ಕ್ಲಿನಿಕ್‌ಗೆ 2. ಹೋಗೋರು ಬುತ್ತಿ ಕಟ್ಕೊಂಡೇ ಹೋಗಿ.