ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನೋಡೋದಾದರೆ ಯಾವುದು?

ನನ್ನ ಓಟು ಇಂಗ್ಲೆಂಡಿನ ರಂಗನಿರ್ದೇಶಕ ಟ್ರೆವರ್ ನನ್ ಅವರದ್ದಕ್ಕೆ. ಅದು 1976ರಲ್ಲಿ ಸ್ಟ್ರಾಟ್‌ಫರ್ಡ್‌ನ ಪುಟ್ಟ ರಂಗಮಂದಿರದಲ್ಲಿ ಆಡಿದ ನಾಟಕ. ಅದನ್ನೇ ಚಿತ್ರೀಕರಿಸಿ 1979ರಲ್ಲಿ ಟಿವಿಯಲ್ಲಿ ಹಾಕಿದರು. ಮ್ಯಾಕ್‌ಬೆತ್ ಮತ್ತು ಅವನ ಹೆಂಡತಿಯಾಗಿ ಇಯಾನ್ ಮೆಕೆಲೆನ್ ಮತ್ತು ಜೂಡಿ ಡೆಂಚ್ ಜೋಡಿ. ಇದರ ಎದುರು ನಾನು ಇಟ್ಟು ನೋಡಿದ್ದು ಪೊಲಾನ್ಸ್ಕಿಯ 1971ರ ಸಿನಿಮಾ, ಜೋಯೆಲ್ ಕೋಯೆನ್ 2021ರಲ್ಲಿ ಮಾಡಿದ ಕಪ್ಪು-ಬಿಳುಪು ಸಿನಿಮಾ, ಜೊತೆಗೆ ವಿಶಾಲ್ ಭಾರದ್ವಾಜ್ ಅವರ ಹಿಂದಿ ಸಿನಿಮಾ ‘ಮಕ್ಬೂಲ್’ (2003). ಕಥೆ ಗೊತ್ತಿರುವುದೇ: ನೀನು ರಾಜನಾಗುತ್ತೀಯ ಅಂತ ಮೂವರು ಮಾಟಗಾತಿಯರು ಹೇಳಿದ ಭವಿಷ್ಯ ನಂಬಿ, ಹೆಂಡತಿಯ ಒತ್ತಾಯವೂ ಸೇರಿ, ಮ್ಯಾಕ್‌ಬೆತ್ ರಾಜ ಡಂಕನ್‌ನನ್ನು ಕೊಂದು ಪಟ್ಟಕ್ಕೇರುತ್ತಾನೆ, ಆಮೇಲೆ ಗೆಳೆಯ ಬ್ಯಾಂಕೋನನ್ನೂ ಕೊಲ್ಲಿಸುತ್ತಾನೆ.

ನನ್ ನಾಟಕದ ಡಿವಿಡಿ ತರಿಸಿದ ಮೇಲೆ ಸಾಕುಸಾಕಾಯಿತು. ಡಿವಿಡಿಗಳಿಗೆ ‘ರೀಜನ್’ ಅಂತ ಒಂದು ಬೀಗ ಇರುತ್ತದೆ, ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದ ಹಾಗೆ. ಬಂದದ್ದು ರೀಜನ್ 2 ಡಿಸ್ಕ್. ಇಂಡಿಯಾದ್ದು ರೀಜನ್ 5. ಮಾರಿದವರು ಆ ಮಾತನ್ನೇ ಎತ್ತಿರಲಿಲ್ಲ. ಪ್ಲೇಯರ್‌ಗೆ ಹಾಕಿದರೆ ಒಂದು ಸಾಲಿನ ಎಚ್ಚರಿಕೆ ಬಂತು, ಅಷ್ಟೇ. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಾಯಿಸಬಹುದು, ಆದರೆ ಐದೇ ಸಲ. ಐದನೆಯದಕ್ಕೆ ಯಾವುದಿರುತ್ತೋ ಅದೇ ಖಾಯಂ. ಕೊನೆಗೆ ಒಂದು ಹಳೇ ಡ್ರೈವನ್ನು ಇದಕ್ಕೇ ಅಂತ ಮೀಸಲಿಟ್ಟೆ. ನಾಲ್ಕು ಬೆಳಕು, ನಾಲ್ಕು ಪೆಟ್ಟಿಗೆ ಇರುವ ನಾಟಕಕ್ಕೆ ಇಷ್ಟೊಂದು ಒದ್ದಾಟವಾ ಅಂತ ಮನೆಯಲ್ಲಿ ಕೇಳಿದರು.

ಒದ್ದಾಟ ಸಾರ್ಥಕ ಅನ್ನಿಸಿದ್ದು ಔತಣದ ದೃಶ್ಯದಲ್ಲಿ. ಬ್ಯಾಂಕೋನನ್ನು ಕೊಲ್ಲಿಸಿ ಬಂದ ಮ್ಯಾಕ್‌ಬೆತ್ ಅತಿಥಿಗಳ ಮಧ್ಯೆ ನಿಂತಿದ್ದಾನೆ. ಸತ್ತವನ ದೆವ್ವ ಅವನೊಬ್ಬನಿಗೇ ಕಾಣುತ್ತದೆ. ನನ್ ಅದನ್ನು ನಮಗೆ ತೋರಿಸುವುದೇ ಇಲ್ಲ. ಕಾಣುವುದು ಮೆಕೆಲೆನ್ ಮುಖ ಮಾತ್ರ, ಅದೂ ತೀರಾ ಹತ್ತಿರದಿಂದ. ಬಾಯಿಂದ ಜೊಲ್ಲು ಇಳಿಯುತ್ತದೆ. ಸುತ್ತ ಕೂತವರಿಗೆ ಏನೂ ಅರ್ಥವಾಗುವುದಿಲ್ಲ. ಅವರ ಜೊತೆ ಕೂತ ನಮಗೂ ಮುಜುಗರ.

ಪೊಲಾನ್ಸ್ಕಿ ರಕ್ತ ಸುರಿಯುವ ದೆವ್ವವನ್ನೇ ತಂದು ನಿಲ್ಲಿಸುತ್ತಾನೆ. ಗಾಳಿಯಲ್ಲಿ ತೇಲುವ ಕಠಾರಿಯೂ ಕಾಣುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ, ದೆವ್ವ ಬಂದು ಮ್ಯಾಕ್‌ಬೆತ್ ಜಾಗದಲ್ಲಿ ಕೂರುತ್ತದೆ ಅಂತ ಮೂಲ ನಾಟಕದಲ್ಲೇ ಇದೆ. ಆದರೂ ದೆವ್ವ ಕಂಡ ಕೂಡಲೇ ನಾನು ಅದರ ಮೇಕಪ್ ನೋಡುತ್ತಾ ಕೂರುತ್ತೇನೆ. ಆ ಮನುಷ್ಯನ ಒಳಗೆ ಕೊರೆಯುತ್ತಿರುವುದು ಮರೆತೇ ಹೋಗುತ್ತದೆ. ಡಂಕನ್ ಕೊಲೆಯೂ ಹಾಗೆ. ನಾಟಕದಲ್ಲಿ ಅದು ತೆರೆಯ ಹಿಂದೆ ನಡೆಯುತ್ತದೆ, ನಮಗೆ ಸಿಗುವುದು ಗಂಡನ ರಕ್ತದ ಕೈ ಮತ್ತು ಹೆಂಡತಿಯ ಅವಸರ. ಪೊಲಾನ್ಸ್ಕಿ ಕೊಲೆಯನ್ನೂ ತೋರಿಸಿಬಿಟ್ಟ.

ಭವಿಷ್ಯ ಹೇಳುವ ವಿಷಯಕ್ಕೆ ಬಂದರೆ ನನ್ ಸೋಲುತ್ತಾರೆ. ಕೋಯೆನ್ ಸಿನಿಮಾದಲ್ಲಿ ಕ್ಯಾಥರಿನ್ ಹಂಟರ್ ಒಬ್ಬರೇ ಮೂರೂ ಮಾಟಗಾತಿಯರು. ಆ ಮೈ ತಿರುಚುವುದನ್ನು ನೋಡಿಯೇ ತಿಳಿಯಬೇಕು. ‘ಮಕ್ಬೂಲ್’ ಇನ್ನೂ ಜಾಣ. ಅಲ್ಲಿ ಮಾಟಗಾತಿಯರ ಬದಲು ಇಬ್ಬರು ಪೊಲೀಸರು, ಓಂ ಪುರಿ ಮತ್ತು ನಸೀರುದ್ದೀನ್ ಶಾ. ಕುಂಡಲಿ ಬರೆದು ಭವಿಷ್ಯ ಹೇಳುತ್ತಾರೆ, ಆಮೇಲೆ ಅದು ನಡೆಯುವ ಹಾಗೆ ಅವರೇ ಕೈಯಾಡಿಸುತ್ತಾರೆ. ನಮ್ಮೂರ ಕಡೆ ಇಂಥವರು ಜಾಸ್ತಿ, ಅಲ್ವಾ?

ಆಸೆಯ ವಿಷಯ: ಕೋಯೆನ್‌ರ ಗಂಡ-ಹೆಂಡತಿ ವಯಸ್ಸಾದವರು, ಡೆನ್ಜೆಲ್ ವಾಷಿಂಗ್ಟನ್ ಮತ್ತು ಫ್ರಾನ್ಸೆಸ್ ಮೆಕ್‌ಡಾರ್ಮಂಡ್. ಇದೇ ಕೊನೇ ಅವಕಾಶ ಎಂಬ ಆತುರ ಅವರಲ್ಲಿದೆ. ಅದು ಚೆನ್ನಾಗಿದೆ.

ಬಿ.ವಿ. ಕಾರಂತರು ಇದೇ ನಾಟಕವನ್ನು ಯಕ್ಷಗಾನದ ಧಾಟಿಯಲ್ಲಿ ಹಿಂದಿಯಲ್ಲಿ ಆಡಿಸಿದ ‘ಬರ್ನಂ ವನ’ವನ್ನು ನಾನು ನೋಡಿಲ್ಲ. ಹಾಗಾಗಿ ಅದು ಈ ಲೆಕ್ಕಕ್ಕಿಲ್ಲ.

ನಾನು ರಾತ್ರಿ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದು ಅಂಕ ನೋಡುವವನು. ಒಂದು ಮಾತು ಅರ್ಥವಾಗದಿದ್ದರೆ ಹಿಂದಕ್ಕೆ ಹೋಗುತ್ತೇನೆ. ಹೀಗೆ ನೋಡುವವರಿಗೆ ನನ್ ನಾಟಕ ಹೇಳಿ ಮಾಡಿಸಿದ ಹಾಗಿದೆ. ಜೂಡಿ ಡೆಂಚ್ ನಿದ್ದೆಯಲ್ಲಿ ಕೈ ಉಜ್ಜಿಕೊಂಡು ಚೀರುವ ಒಂದು ದೃಶ್ಯಕ್ಕೇ ದುಡ್ಡು ಹುಟ್ಟುತ್ತದೆ. ಡಿವಿಡಿ ಗೋಜೇ ಬೇಡ, ಮನೆಯವರೆಲ್ಲ ಕೂತು ಒಂದೇ ಸಲಕ್ಕೆ ಮುಗಿಸಬೇಕು ಅಂದರೆ ಕೋಯೆನ್ ನೋಡಿ. ಇಂಗ್ಲಿಷ್ ಕಿರಿಕಿರಿ ಬೇಡವೆನ್ನುವವರಿಗೆ ‘ಮಕ್ಬೂಲ್’. ಪೊಲಾನ್ಸ್ಕಿಯದನ್ನು ಮಕ್ಕಳು ಮಲಗಿದ ಮೇಲೆ ಹಾಕಿ.