ಸ್ಕ್ರೈಬ್ (ಪರೀಕ್ಷೆಯಲ್ಲಿ ಹೇಳಿದ್ದನ್ನು ಬರೆದುಕೊಡುವವರು) ಬೇಕಿದ್ದವರು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಒಂದನ್ನೇ ನಂಬಿ ಪರೀಕ್ಷೆಗೆ ಹೋಗಬೇಡಿ

ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ನಡೆದದ್ದು ಇದು. ಜಗಳೂರು ಕಡೆಯ ವಿದ್ಯಾರ್ಥಿನಿ, ಬಲಗೈ ಸ್ವಾಧೀನವಿಲ್ಲ. "ಬರೆಯೋರನ್ನ ಕರ್ಕೊಂಡು ಬಾರಮ್ಮ, ಏನೂ ತೊಂದರೆ ಇಲ್ಲ" ಎಂದು ಕಚೇರಿಯವರು ಮೊದಲೇ ಹೇಳಿದ್ದರು. ಪರೀಕ್ಷೆಯ ದಿನ ಮೇಲ್ವಿಚಾರಕರು ಅವಳ ಯುಡಿಐಡಿ ಕಾರ್ಡನ್ನು ತಿರುವಿ ತಿರುವಿ ನೋಡಿ, ಜೊತೆಗೆ ಬಂದವಳನ್ನು ಹೊರಗೆ ಕಳಿಸಿದರು. ಹುಡುಗಿ ಎಡಗೈಯಲ್ಲೇ ಬರೆಯಲು ಕೂತಳು. ಪತ್ರಿಕೆ ಅದುಮಿ ಹಿಡಿಯಲು ಇನ್ನೊಂದು ಕೈಯಿಲ್ಲ. ಒಂದೊಂದು ಸಾಲಿಗೂ ಅದು ಬೆಂಚಿನ ಮೇಲೆ ಜಾರುತ್ತಿತ್ತು. ಮೂರು ಗಂಟೆಯಲ್ಲಿ ಅರ್ಧ ಪ್ರಶ್ನೆಗಳೂ ಮುಗಿಯಲಿಲ್ಲ.

ತೊಡಕು ಇರುವುದು ಇಲ್ಲಿ. ಕೇಂದ್ರ ಸರ್ಕಾರದ 2018ರ ಆಗಸ್ಟ್ 29ರ ಮಾರ್ಗಸೂಚಿಯಂತೆ ಶೇ. 40ಕ್ಕೆ ಕಡಿಮೆಯಿಲ್ಲದ ಅಂಧತ್ವ, ಎರಡೂ ಕೈಗಳ ಊನ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇದ್ದವರು ಕೇಳಿದರೆ ಸ್ಕ್ರೈಬ್ ಕೊಡಲೇಬೇಕು. ಒಂದೇ ಕೈ ಊನವಾದವರು, ಮಂದದೃಷ್ಟಿಯವರು "ಬರೆಯಲು ದೈಹಿಕ ಅಡ್ಡಿಯಿದೆ" ಎಂಬ ಬೇರೆಯೇ ಪ್ರಮಾಣಪತ್ರ ತರಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿ, ಜಿಲ್ಲಾ ಶಸ್ತ್ರಚಿಕಿತ್ಸಕರು ಅಥವಾ ವೈದ್ಯಕೀಯ ಅಧೀಕ್ಷಕರ ಸಹಿ ಬೇಕು. ನಮೂನೆ ಮಾರ್ಗಸೂಚಿಯ ಅನುಬಂಧದಲ್ಲೇ ಇದೆ. ಪ್ರಿಂಟ್ ಹಾಕಿಸಿ ನೀವೇ ಒಯ್ಯಿರಿ. ಊನ ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲಾಗದವರಿಗೂ 2022ರ ಆಗಸ್ಟ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು. "ನಿನಗೆ ಪರ್ಸೆಂಟೇಜ್ ಸಾಲದು" ಎಂದ ಮಾತ್ರಕ್ಕೆ ವಾಪಸ್ ಬರಬೇಡಿ.

ಆ ಕಾಲೇಜು ಮಾಡಿದ ದೊಡ್ಡ ತಪ್ಪು ಬಾಯಿಮಾತಿನಲ್ಲಿ ಒಪ್ಪಿದ್ದು. ಪರೀಕ್ಷಾ ಶುಲ್ಕ ಕಟ್ಟುವ ದಿನವೇ ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅನುಮತಿ ಪತ್ರ ಕೈಗೆ ಬರುವವರೆಗೆ ಬಿಡಬೇಡಿ. ಹೆಚ್ಚುವರಿ ಸಮಯವನ್ನೂ ಅದರಲ್ಲೇ ಬರೆಸಿ: ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ. ಸ್ಕ್ರೈಬ್ ಬೇಡವೆಂದರೂ ಬರೆಯಲು ಅಡ್ಡಿಯಿರುವವರಿಗೆ ಈ ಸಮಯ ಸಿಗಬೇಕು. ಎಷ್ಟೋ ಮಕ್ಕಳಿಗೆ ಇದೇ ಗೊತ್ತಿಲ್ಲ, ಅದು ನೋವಿನ ಸಂಗತಿ. ಕೊಠಡಿ ನೆಲಮಹಡಿಯಲ್ಲೇ ಇರಲಿ ಎಂದೂ ಸೇರಿಸಿ.

2018ರ ಮಾರ್ಗಸೂಚಿಯಂತೆ, ಸ್ಕ್ರೈಬನ್ನು ನೀವೇ ಕರೆತಂದರೆ ಅವರ ಓದು ನಿಮ್ಮದಕ್ಕಿಂತ ಒಂದು ಹಂತ ಕೆಳಗಿರಬೇಕು. ನಿಮ್ಮ ತರಗತಿಯ ಗೆಳತಿ ನಡೆಯುವುದಿಲ್ಲ. ಕಾಲೇಜೇ ಕೊಟ್ಟರೆ ಎರಡು ದಿನ ಮುಂಚೆ ಅವರನ್ನು ಭೇಟಿಯಾಗುವ ಹಕ್ಕು ನಿಮಗಿದೆ. ಕೂತು ಒಂದು ಪುಟ ಹೇಳಿ ಬರೆಸಿ ನೋಡಿ. ಕನ್ನಡ ಪತ್ರಿಕೆಗೆ ಒಬ್ಬರು, ಇಂಗ್ಲಿಷಿಗೆ ಇನ್ನೊಬ್ಬರು ಬೇಕೆಂದರೆ ಅದಕ್ಕೂ ಅವಕಾಶವಿದೆ.